ದೇವರ ಪೆಟ್ಟಿಗೆಯಲ್ಲಿ ಮೊಬೈಲು

ಹಿರಿಯೂರಿನ ಹತ್ತಿರದ ಹಟ್ಟಿಯ ಕಾಟಲಿಂಗಪ್ಪ ಓದು ಬರಹ ಕಲಿತವನಲ್ಲ. ಆದರೆ ಸಂಜೆ ನೂರರವತ್ತು ಕುರಿ ರೊಪ್ಪಕ್ಕೆ ನುಗ್ಗುವಾಗ, ಯಾವುದು ಬಂದಿಲ್ಲವೆಂದು ಎಣಿಸದೆಯೇ ಹೇಳುವ ಆಸಾಮಿ. ಇಂಥವನ ಕಣ್ಣಿಗೂ ಮಣ್ಣೆರಚಲು ಮಗ ಜುಂಜೇಶನಿಗೆ ಬಹಳ ದಿನ ಬೇಕಾಗಲಿಲ್ಲ.

ಏಳನೇ ಕ್ಲಾಸಿನವರೆಗೆ ಜುಂಜೇಶ ಗಣಿತದಲ್ಲಿ ತೊಂಬತ್ತಕ್ಕೆ ಕಡಿಮೆ ತೆಗೆದವನಲ್ಲ. ಇವನು ಮೇಷ್ಟ್ರಾಗುತ್ತಾನೆಂದು ಕಾಟಲಿಂಗಪ್ಪ ಹಟ್ಟಿಗೆಲ್ಲ ಸಾರಿದ್ದ. ಪೇಟೆಯ ಹೈಸ್ಕೂಲಿನಲ್ಲಿ ತೆಂಗಿನಕಾಯಿ ಮಂಡಿ ರಘುನಾಥನ ಮಗ ಶಿವು ಗೆಳೆಯನಾದ. ಆ ಗುಂಪಿನಲ್ಲಿ ಪುಸ್ತಕ ತೆಗೆದವನಿಗೆ ‘ಕುರಿ ಪಂಡಿತ’ ಎಂಬ ಬಿರುದು. ಮೆಸೇಜಿಗೆ ತಡವಾಗಿ ಉತ್ತರಿಸಿದವನಿಗೆ ಗುಂಪಿನಿಂದಲೇ ಗೇಟ್‌ಪಾಸು. ಪಂಡಿತನೆನಿಸಿಕೊಳ್ಳುವ ಅವಮಾನ ತಪ್ಪಿಸಲು ಹುಡುಗ ಕಷ್ಟಪಟ್ಟು ದಡ್ಡನಾದ. ಬೆಳಗಾದರೆ ರೀಲು, ಸಂಜೆಯಾದರೆ ಗೇಮು. ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ ಹದಿನಾಲ್ಕು ಬಂತು.

ಕಾಟಲಿಂಗಪ್ಪ ಮಗನ ಮೊಬೈಲು ಕಿತ್ತುಕೊಂಡು, ದೇವರ ಒಡವೆ ಇಡುವ ಪೆಟ್ಟಿಗೆಯಲ್ಲಿ ಅದನ್ನು ಇಡಿಸಲು ನೇರ ಹಟ್ಟಿಯ ಗುಡಿಗೆ ನಡೆದ.

“ದೇವ್ರ ಪೆಟ್ಗೇಲಿ ಇದನ್ನ ಇಕ್ತೀಯೇನಪ್ಪ?” ಎಂದ ಪೂಜಾರಿ ದೊಡ್ಡತಿಮ್ಮಪ್ಪ.

“ಇಕ್ರಿ ಪೂಜಾರಪ್ಪ. ನನ್ ಮಾತಿಗಂತೂ ಹೆದ್ರಲ್ಲ, ದೇವ್ರಿಗಾದ್ರೂ ಹೆದ್ರುತಾನೆ.”

ಜುಂಜೇಶ ಹೆದರಿದ, ಸುಳ್ಳಲ್ಲ. ಪರೀಕ್ಷೆ ಮುಗಿಯುವವರೆಗೆ ಪೆಟ್ಟಿಗೆಯ ಹತ್ತಿರ ಸುಳಿಯಲಿಲ್ಲ. ಸುಳಿಯುವ ಅಗತ್ಯವಾದರೂ ಏನಿತ್ತು? ಶಿವು ಕೊಟ್ಟ ಹಳೇ ಮೊಬೈಲು ಬ್ಯಾಗಿನಲ್ಲೇ ಇತ್ತಲ್ಲ! “ನಾನೂ ಒಂದಕ್ಷರ ಓದಿಲ್ಲ ಕಣ್ಲೇ” ಎಂದು ಶಿವು ದಿನಾ ಧೈರ್ಯವನ್ನೂ ತುಂಬುತ್ತಿದ್ದ. ಇತ್ತ ಕಾಟಲಿಂಗಪ್ಪ ಮಗನನ್ನು ದೇವರ ಮೇಲೆ ಬಿಟ್ಟು ನಿಶ್ಚಿಂತೆಯಿಂದ ಕುರಿ ಮೇಯಿಸಿದ. ಶಾಲೆಗೆ ಹೋಗಿ ಮೇಷ್ಟ್ರನ್ನು ಒಂದು ಮಾತು ಕೇಳಬೇಕೆಂದು ಈ ಜಾಣನಿಗೆ ಹೊಳೆಯಲೇ ಇಲ್ಲ.

ಜುಂಜೇಶ ಗಣಿತದಲ್ಲಿ ಫೇಲಾದ. ತಾಯಿ ಕೆಂಚಕ್ಕ ಮಗನ ಮುಂದೆ ಕೂತು ಅತ್ತಳು. ಶಿವುವೂ ಒಂದಕ್ಷರ ಓದಿಲ್ಲವೆಂದು ಮಗ ಹೇಳಿದ್ದ; ಹಾಗಾದರೆ ಅವನೂ ಫೇಲಾಗಿರಬೇಕು, ಇಬ್ಬರನ್ನೂ ಒಂದೇ ಟ್ಯೂಷನ್ನಿಗೆ ಸೇರಿಸೋಣ ಎಂದುಕೊಂಡ ಕಾಟಲಿಂಗಪ್ಪ ಮರುದಿನ ಮಗನನ್ನು ಕರೆದುಕೊಂಡು ಮಂಡಿಗೆ ಹೋದ.

ರಘುನಾಥ ಪೇಡದ ಡಬ್ಬಿ ಮುಂದೆ ಹಿಡಿದ. “ತಗಳಪ್ಪ. ನಮ್ ಶಿವುಗೆ ಗಣಿತದಾಗೆ ತೊಂಬತ್ತೊಂದು! ದಿನಾ ನಾಕು ಗಂಟೆಗೇ ಎದ್ದು ಓದೋನು. ಮನೇಲಿ ಮೊಬೈಲ್ ಮುಟ್ತಾನೇ ಇರ್ಲಿಲ್ಲ.”

ಕಾಟಲಿಂಗಪ್ಪ ಮಗನ ಮುಖ ನೋಡಿದ. ಅದು ಬಿಳಿಚಿಕೊಂಡಿತ್ತು. ಮೋಸ ಈಗಲಾದರೂ ತಿಳಿಯಿತಲ್ಲ, ಇನ್ನು ಬುದ್ಧಿ ಬರುತ್ತದೆ ಎಂದು ಆ ತಂದೆಯ ಎದೆಯಲ್ಲಿ ಸಣ್ಣ ಆಸೆ ಹುಟ್ಟಿತು.

ಅಷ್ಟರಲ್ಲಿ ಶಿವು ಒಳಗಿಂದ ಬಂದ. ನಾಚಿಕೆಯ ಸುಳಿವೂ ಇರಲಿಲ್ಲ. “ಎರಡ್ನೇ ಪರೀಕ್ಷೆ ಐತಲ್ಲ, ಬಿಡ್ಲೇ. ಅದು ಸುಲ್ಬ ಇರ್ತೈತೆ, ಓದೋದೇನೂ ಬ್ಯಾಡ. ಬಾ, ಒಂದು ರೀಲ್ ಮಾಡಾಣ.”

ಜುಂಜೇಶ ಕಣ್ಣೊರೆಸಿಕೊಂಡ. ಕ್ರಾಪು ಸರಿಮಾಡಿಕೊಂಡು ಹೋಗಿ ಶಿವುವಿನ ಪಕ್ಕದಲ್ಲಿ ನಿಂತ. ಮೊಬೈಲಿನ ಮುಂದೆ ಪಾಸಾದವನಿಗಿಂತ ಫೇಲಾದವನೇ ಜೋರಾಗಿ ನಕ್ಕ.