ಮಾವನವರು ಮಗನನ್ನು ಆಡಿಸದ ಫೈನಲ್

ಗೆಳೆಯರೇ, ನಮ್ಮ ಮಾವನವರು ಹನ್ನೆರಡು ವರ್ಷಗಳ ಹಿಂದೆ ಸೋತ ಪಂದ್ಯವನ್ನು ಇವತ್ತು ಗೆದ್ದುಬಿಟ್ಟರು! ಆಗ ಅವರು ಇಲ್ಲಿನ ಫ್ಯಾಕ್ಟರಿ ಕಾಲೊನಿಯ ಫುಟ್‌ಬಾಲ್ ತಂಡದ ಮ್ಯಾನೇಜರ್. ಎಲ್ಲರಿಗಿಂತ ಹೆಚ್ಚು ಗೋಲು ಹೊಡೆಯುತ್ತಿದ್ದ ಸ್ವಂತ ಮಗನನ್ನು, ಅಂದರೆ ನನ್ನ ಗಂಡನನ್ನು, ಫೈನಲ್‌ನಲ್ಲಿ ಹೊರಗೆ ಕೂರಿಸಿ ಡಿಫೆಂಡರ್ ಒಬ್ಬನನ್ನು ಮುಂದೆ ಆಡಿಸಿದ್ದರಂತೆ.

ಮದುಮಕ್ಕಳಾದ ನಮ್ಮನ್ನು ನೋಡಲು ಕೂಕಟ್‌ಪಲ್ಲಿಯ ಫ್ಲಾಟಿಗೆ ಬಂದ ಮಾವನವರ ಹಳೆಯ ಸ್ನೇಹಿತರು, ನಾನು ಕೊಟ್ಟ ಚಹಾದ ಕಪ್ಪುಗಳನ್ನೇ ಆಟಗಾರರಂತೆ ಜೋಡಿಸಿ ಮಾವನ ಜೊತೆ ಜಗಳ ತೆಗೆದರು.

"ಹಿಂದ ಆಡಾಂವನ್ನ ಮುಂದ ನಿಲ್ಲಿಸಿದ್ಯಲ್ಲೋ ಬಸ್ಯಾ, ತಲಿ ಎಲ್ಲಿಟ್ಟಿದ್ದಿ?"

"ಮಗನ್ನ ಆಡಿಸಿದ್ರ ಮಂದಿ ಏನಂತಾರ ಅಂತ ಹೆದರಿದಾ, ಮತ್ತೇನು!"

ಮಾವ ನಕ್ಕು, ಮುಂದೆ ನಿಲ್ಲಿಸಿದ್ದ ಕಪ್ಪನ್ನೆತ್ತಿ ಚಹಾ ಕುಡಿದರು. ನನ್ನ ಗಂಡ ತಟ್ಟನೆ ಎದ್ದು ನಿಂತ.

"ಸಾಕು ಬಿಡ್ರಿ ಕಾಕಾ. ಹೆದರಿದಾಂವ ನಾನು. ಅವತ್ತು ಅಳಾಕತ್ತಿದ್ದೆ. ನಾ ಆಡಂಗಿಲ್ಲ, ಯಾರಿಗೂ ಹೇಳಬ್ಯಾಡ್ರಿ ಅಂತ ಅಪ್ಪಾರ ಕಾಲು ಹಿಡಕೊಂಡಿದ್ದೆ."

ಹನ್ನೆರಡು ವರ್ಷ ಸಿಕ್ಕಾಗಲೆಲ್ಲ ಬೈಸಿಕೊಂಡರೂ ಬಾಯಿ ಬಿಡದ ಆ ಮನುಷ್ಯನನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ. ಅವರು ಮಗನ ಕಡೆ ತಿರುಗಿ ಮೆಲ್ಲಗೆ ಗದರಿದರು: "ಹೊಸ ಹೆಂಡ್ತಿ ಮುಂದ ಇದನ್ನ ಹೇಳತಾರೇನೋ ಹುಚ್ಚಾ?"

ಹೇಳಿದ್ದಕ್ಕೇ ಗಂಡನ ಮೇಲೆ ನನಗೆ ಪ್ರೀತಿ ದುಪ್ಪಟ್ಟಾಗಿದೆ. ಆದರೂ ಅಮ್ಮ, ನೀನೂ ಇದನ್ನು ಓದುತ್ತೀಯಲ್ಲ, ಅಳಿಯನಿಗೆ ತರಿಸುವ ಹಾರವನ್ನು ಈ ಸಲ ಬೀಗರ ಕೊರಳಿಗೆ ಹಾಕು. ಇಬ್ಬರನ್ನೂ ಕರೆದುಕೊಂಡು ಬರುತ್ತಿದ್ದೇನೆ, ಶನಿವಾರ ಸಂಜೆ, ಬೀದರ್ ಇಂಟರ್‌ಸಿಟಿ ರೈಲಿಗೆ.