ಡಲ್ಸಿ ಅಜ್ಜಿಯ ಮೊಮ್ಮಕ್ಕಳು

ಆಸ್ಟ್ರೇಲಿಯಾದ ಕಿಂಬರ್ಲಿಯ ಕೆಂಪು ನೆಲದಲ್ಲಿ ಅದಿರು ಹುಡುಕಲು ಯಾವ ಕಂಪನಿಯವನೇ ಬರಲಿ, ಮೊದಲು ಅಲ್ಲಿನ ಮೂಲನಿವಾಸಿಗಳ ಹಿರಿಯಳಾದ ಡಲ್ಸಿ ನಂಗಾರಿ ಅಜ್ಜಿಗೆ ತಲೆಯೊಡ್ಡಬೇಕು. ಅಜ್ಜಿ ಅವನನ್ನು ಹೊಳೆಯ ಮಡುವಿಗೆ ಎಳೆದೊಯ್ದು, ನೆತ್ತಿಗೆ ನೀರು ತಟ್ಟಿ, ಅಲ್ಲಿ ನೆಲೆಸಿರುವ ಹಿರಿಯರ ಆತ್ಮಗಳಿಗೆ ಕೂಗಿ ಹೇಳುತ್ತಾಳೆ: “ಹೊಸಬ ಕಣ್ರಪ್ಪೋ! ಕಲ್ಲು ನೆಕ್ಕಿ ನೋಡೋ ಹುಚ್ಚ, ಆದ್ರೂ ನಮ್ಮೋನೇ, ಮುನಿಸ್ಕೋಬೇಡಿ!” ಅಲ್ಲಿಂದ ಅವನು ಮೊಮ್ಮಗ. ಬಿಸಿಲಿಗೆ ಟೋಪಿ ಹಾಕದಿದ್ದರೆ ಬೈಗುಳ, ಬಂದ ಕೂಡಲೇ ನಕ್ಷೆ ಬಿಚ್ಚಿದರಂತೂ, “ಮಡಚಿಡೋ, ಮೊದ್ಲು ಚಹಾ ಕುಡಿ. ಭೂಮಿ ಎಲ್ಲಿಗೂ ಓಡೋಗಲ್ಲ!” ಪರ್ತ್ ನಗರದ ಕಚೇರಿಗಳಲ್ಲಿರುವ ಅವಳ ಮೊಮ್ಮಕ್ಕಳನ್ನೆಲ್ಲ ಸೇರಿಸಿದರೆ ಒಂದು ಊರೇ ಆದೀತು. ಎಷ್ಟೋ ಕಡೆ ಕೊರೆಯಲು ಅವಳೇ ಮುಂದೆ ನಿಂತು ಜಾಗ ತೋರಿಸಿದ್ದಾಳೆ. ಆದರೆ ಈ ಸಲ ಭೂವಿಜ್ಞಾನಿ ಲಾಕ್ಲನ್ ಕೇಳಿದ್ದು ಅವಳ ತಾಯಿಯನ್ನು ಹೂಳಿದ ಗುಡ್ಡವನ್ನು. ಅಜ್ಜಿ “ಬೇಡ” ಎಂದಳು. ಅವನು ಈ ಮನೆಯ ಬಾಗಿಲು ಇನ್ನು ತನಗೆ ಮುಚ್ಚಿತೆಂದುಕೊಂಡು ತಲೆ ತಗ್ಗಿಸಿ ಜೀಪಿನ ಕಡೆ ನಡೆದ. ಏದುಸಿರು ಬಿಡುತ್ತ ಹಿಂದೆಯೇ ಬಂದ ಅಜ್ಜಿ, ಕೆಂಡದಲ್ಲಿ ಸುಟ್ಟ ಕಾಂಗರೂ ಬಾಲವನ್ನು ಅವನ ಕೈಗೆ ತುರುಕಿದಳು: “ಊಟ ಬಿಟ್ಟು ಎಲ್ಲಿಗೋ ಹೊರಟೆ? ಬೇಡ ಅಂದಿದ್ದು ಗುಡ್ಡ ಕೊರೆಯೋದಕ್ಕೆ ಕಣೋ, ನಿನಗಲ್ಲ.”