ಫೋರ್ಕಿನೊಳಗೆ ತುರುಕಿದ ದಿಷ್ಟಿದಾರ

ಪವಿತ್ರಾ ಮಾಡಿದ ತಗಡಿನ ಕವರು ಚೆನ್ನಾಗೇ ಇತ್ತು. ಅವಳನ್ನ ಬೀಳಿಸಿದ್ದು ನಾನು. ನಡೆದದ್ದು ಇಷ್ಟೇ — ಮಿಕ್ಕಿದ್ದೆಲ್ಲ ನಾನು ಹೇಳಿದ ಸುಳ್ಳು.

ಪವಿತ್ರಾ ನನ್ನ ಮಗಳ ಮಗಳು. ಮುಳಬಾಗಿಲ ಹತ್ತಿರದ ನಮ್ಮೂರಲ್ಲಿ ನನ್ನ ಕೈಯಲ್ಲೇ ಬೆಳೆದವಳು. ನಮ್ಮ ಯಜಮಾನರ ಹಳೇ ಬೈಕು ಕೊಟ್ಟಿಗೆಯಲ್ಲಿ ಕೋಳಿ ಕೂರೋಕೆ ಬಿದ್ದಿತ್ತು, ಅದನ್ನ ಎಬ್ಬಿಸಿ ಓಡಿಸಿದಳು. ಅಷ್ಟು ಸಾಲದು ಅಂತ ಮುಂದಿನ ಫೋರ್ಕಿನ ಬೆನ್ನು ಹತ್ತಿದಳು. ಹ್ಯಾಂಡಲಿನಿಂದ ಚಕ್ರಕ್ಕೆ ಇಳಿಯುವ ಎರಡು ಕಾಲಿವೆಯಲ್ಲ, ಗಾಳಿ ಅವಕ್ಕೆ ಬಡಿದು ಹಿಂದೆ ಸುಳಿ ಸುತ್ತಿ ಗಾಡಿಯನ್ನ ಜಗ್ಗುತ್ತದಂತೆ. ಮೀನಿನ ಹಾಗೆ ಹಿಂದಕ್ಕೆ ಸಣ್ಣಗಾಗುವ ಕವರು ಹಾಕಿದರೆ ಗಾಳಿ ಜಾರಿಹೋಗುತ್ತದಂತೆ. ನಂಗಲಿ ರಸ್ತೆಯಲ್ಲಿ ಲಾರಿಗಳಿಗೆ ತಗಡು ಬಡಿಯುವ ಬಾಷಾ ಕತ್ತರಿಸಿ ಕೊಟ್ಟ. ಅವಳು ಅದರ ಮೇಲೆ ನೂಲಿನ ಎಳೆ ಅಂಟಿಸಿ ಓಡಿಸೋಳು. ಎಳೆ ಹಾರಾಡಿದರೆ ಗಾಳಿ ಇನ್ನೂ ಸುಳಿಯುತ್ತಿದೆ ಅಂತ ಕವರು ಬಿಚ್ಚಿ ಮತ್ತೆ ಬಗ್ಗಿಸೋಳು. ಬೇಸಿಗೆ ಪೂರ್ತಿ ಅದೇ. ಕೊನೆಗೊಂದು ದಿನ ಎಳೆಗಳೆಲ್ಲ ತಗಡಿಗೆ ಅಂಟಿಕೊಂಡೇ ನಿಂತವು. ಬಾಷಾನೇ ಸ್ಕ್ರೂ ಬಿಗಿದು ಕೊಟ್ಟ.

ನನಗೆ ಅವಳು ಬೈಕು ಹತ್ತುವುದೇ ಬೇಡವಾಗಿತ್ತು. ಹಾದಿಯಲ್ಲಿದ್ದವರ ಕಣ್ಣೆಲ್ಲ ಅವಳ ಮೇಲೆ. ಅಮಾವಾಸ್ಯೆ ಬಂತು, ಗಾಡಿ ಮುಂದೆ ನಿಂಬೆಹಣ್ಣು, ಮೆಣಸಿನಕಾಯಿ, ಕರಿದಾರ ಕಟ್ಟೇ ಅಂದೆ.

"ಗಾಳಿಗೆ ದಾರಿ ಬಿಡಿಸೋಕೆ ಇಷ್ಟು ದಿನ ಒದ್ದಾಡಿದ್ದೀನಿ ಅಜ್ಜಿ. ಈಗ ಅದರ ಮುಂದೆ ತರಕಾರಿ ಅಂಗಡಿ ಇಡ್ಲಾ?"

ಬಾಷಾನೂ ನಕ್ಕ. ನನಗೆ ಉರಿಯಿತು.

ಮಾರನೇ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಎಡಗಡೆ ಕವರಿನ ಹಿಂದಿನ ಸ್ಕ್ರೂ ಒಂದನ್ನ ಚಾಕುವಿನ ತುದಿಯಿಂದ ಬಿಚ್ಚಿದೆ. ದಿಷ್ಟಿ ತಾಗದಿರಲಿ ಅಂತ ಪಟಿಕದ ಚೂರು ಗಂಟು ಹಾಕಿದ ಕರಿಕಂಬಳಿ ದಾರವನ್ನ ಕಾಣದ ಹಾಗೆ ಒಳಗೆ ತುರುಕಿದೆ. ಸ್ಕ್ರೂ ತಿರುಗಿಸಿದೆ — ಬಂದಷ್ಟು. ಪೂರ್ತಿ ಕೂತಿಲ್ಲ ಅಂತ ಬೆರಳಿಗೆ ಗೊತ್ತಾಯಿತು. ಗೊತ್ತಾಗಿಯೂ —

ಅವತ್ತೇ ಹೈವೇಯಲ್ಲಿ ಸ್ಕ್ರೂ ಉದುರಿ, ದಾರ ಹೊರಗೆ ಬಂದು ಚಕ್ರಕ್ಕೆ ಸುತ್ತಿಕೊಂಡು ತಗಡನ್ನೇ ಒಳಗೆ ಎಳೆಯಿತು. ಅವಳ ಭುಜದ ಮೂಳೆ ಮುರಿಯಿತು. ಬಾಷಾ ಗಾಡಿಯನ್ನ ಟೆಂಪೋದಲ್ಲಿ ತಂದು ಇಳಿಸಿ ಆಸ್ಪತ್ರೆಗೆ ಓಡಿದ. ಗ್ರೀಸು ಮೆತ್ತಿದ ದಾರ ಅವನ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಅದನ್ನ ಕೊಯ್ದು ತಿಪ್ಪೆಗೆ ಎಸೆದೆ. ಆಮೇಲೆ ಆಸ್ಪತ್ರೆಗೆ ಹೋದೆ — ಆಮೇಲೆ.

"ಎಡಗಡೇದು ಯಾಕೆ ಬಿಚ್ಕೊಂತು ಅಜ್ಜಿ?"

"ಬರದೇ ಇರೋ ಕೆಲಸಕ್ಕೆ ಕೈ ಹಾಕಿದೆ ಕಣೇ. ಅದಕ್ಕೆ."

ಅವಳು ಗೋಡೆ ಕಡೆ ತಿರುಗಿಕೊಂಡಳು. ನಿಜ ಹೇಳುತ್ತೇನೆ, ನನಗೆ ನೆಮ್ಮದಿಯಾಯಿತು. ಇನ್ನು ಬೈಕು ಹತ್ತೋಲ್ಲ ಅಂತ. ಗಂಗಮ್ಮನಿಗೆ ಕಾಯಿ ಒಡೆಸಿದೆ. ಮಗು ಉಳಿದದ್ದಕ್ಕೆ ಅಂತ ಊರವರು ಅಂದುಕೊಂಡರು.

ಕೈ ಸರಿಹೋದ ಮೇಲೆ ಅವಳು ಬೈಕಿನ ಮೇಲೆ ಗೋಣಿಚೀಲ ಎಳೆದು ಮಾಲೂರಿಗೆ ಹೋದಳು, ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕೋ ಕೆಲಸ. ಎಷ್ಟೋ ವರ್ಷವಾಯಿತು. ಬಂದಾಗೆಲ್ಲ ಕೊಟ್ಟಿಗೆ ಕಡೆ ನೋಡದೆ ಹಾಯುತ್ತಾಳೆ. ನಾನು ಬಾಯಿ ತೆರೆಯುತ್ತೇನೆ — "ಊಟ ಮಾಡ್ತೀಯಾ" ಅನ್ನುತ್ತೇನೆ. ಹೇಳಿದರೆ ಅವಳು ಮತ್ತೆ ಬೈಕು ಹತ್ತುತ್ತಾಳೆ. ಅದಕ್ಕಿಂತ — ನಾನು ಎಂಥವಳು ಅಂತ ಗೊತ್ತಾಗುತ್ತದೆ.

ಹೋದ ತಿಂಗಳು ಅವಳು ಊರಲ್ಲಿದ್ದಾಗ ಬಾಷಾ ಬಂದ.

"ಪವಿತ್ರಾ ಪಾಪಾ, ಎಡಗಡೆ ಕವರು ಒಂದು ಮಾಡಿದ್ರೆ ಆಯ್ತಲ್ಲ. ಕತ್ತರಿಸಿ ಕೊಡ್ತೀನಿ, ಬಾ."

"ಬೇಡ ಬಾಷಣ್ಣ. ನನ್ನ ಕೈಕೆಲಸ ನಂಬಿದ್ರೆ ಇನ್ನೊಬ್ರು ಸಾಯ್ತಾರೆ." ನಗುತ್ತಲೇ ಅಂದಳು.

"ಸ್ಕ್ರೂ ಹಾಕಿದ್ದು ನಾನಲ್ವಾ," ಅಂದ ಅವನು, ನೆಲ ನೋಡುತ್ತಾ.

ಇವನೂ ಇಷ್ಟು ವರ್ಷ ತಪ್ಪು ತನ್ನದೇ ಅಂತ — ನಾನು ಅಲ್ಲೇ ರಾಗಿ ಕೇರುತ್ತಿದ್ದೆ. ಮೊರದಿಂದ ತಲೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನ ಕರೆದುಕೊಂಡು ನಂಗಲಿ ಬಸ್ಸು ಹತ್ತಿದೆ. ಬಾಷಾನ ಶೆಡ್ಡಿನಲ್ಲಿ ಲಾರಿಯವರು ಟೀ ಕುಡಿಯುತ್ತಿದ್ದರು. ಅವರ ಮುಂದೆಯೇ ಹೇಳಿದೆ: ಸ್ಕ್ರೂ, ದಾರ, ತಿಪ್ಪೆ. ಬಾಷಾ ಸುತ್ತಿಗೆ ಕೆಳಗಿಟ್ಟ.

ಪವಿತ್ರಾ ಒಂದೇ ಕೇಳಿದಳು. "ಆಸ್ಪತ್ರೇಲಿ ನಾನು ಕೇಳ್ದಾಗ, ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದೆ.